ಮಗಳ ಬೆನ್ನುಮೂಳೆ 52 ಡಿಗ್ರಿ ಬಾಗಿದೆ. ಆಪರೇಷನ್ ಮಾಡಿಸಬೇಕಾ, ಒಂದು ವರ್ಷ ಕಾಯಬಹುದಾ?

ನೀವು ಬರೆದಿರುವುದರಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಇಷ್ಟು. ಮಗಳಿಗೆ 13 ವರ್ಷ. ದೊಡ್ಡವಳಾಗಿ ಆರು ತಿಂಗಳಾಗಿದೆ. ಬೆನ್ನುಮೂಳೆಯ ಬಾಗು ಹೋದ ವರ್ಷದ ಎಕ್ಸ್‌ರೇಯಲ್ಲಿ 38 ಡಿಗ್ರಿ ಇತ್ತು, ಈಗ 52. ಡಾಕ್ಟರು ಆಪರೇಷನ್ ಹೇಳಿದ್ದಾರೆ. ಮನೆಯ ಹಿರಿಯರು “ಒಂದು ವರ್ಷ ಯೋಗ ಮಾಡಿಸಿ ನೋಡೋಣ, ಬೆನ್ನಿಗೆ ಕೈ ಹಾಕಿದರೆ ಕಾಲು ಹೋಗುತ್ತೆ, ನಾಳೆ ಮದುವೆ ಮಕ್ಕಳ ಗತಿ ಏನು” ಅನ್ನುತ್ತಿದ್ದಾರೆ. ನೋವು ಅಷ್ಟೇನೂ ಇಲ್ಲ, ಹಾಗಿದ್ದಮೇಲೆ ಅವಸರ ಯಾಕೆ ಅಂತ ನೀವೂ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ಇದೇ ಸ್ಕೋಲಿಯೋಸಿಸ್‌ಗೆ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸಮಸ್ಯೆಗೆ, ಬೆಂಗಳೂರಿನಲ್ಲಿ ಆಪರೇಷನ್ ಆದವಳು. ಈಗ ನನಗೂ ಒಬ್ಬಳು ಮಗಳಿದ್ದಾಳೆ. ಆಗಿನಿಂದ ಇದರ ಬಗ್ಗೆ ಓದುತ್ತಾ, ಇಂಥ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮಾತಾಡುತ್ತಾ ಬಂದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಇನ್ನೊಬ್ಬ ಸರ್ಜನ್‌ಗೆ ತೋರಿಸಿ, ಅದಕ್ಕೆ ಖಂಡಿತ ಸಮಯ ಇದೆ. ನಾಳೆಯೇ ಆಗಬೇಕಾದ ಆಪರೇಷನ್ ಇದಲ್ಲ. ಆದರೆ ಒಂದು ವರ್ಷ ಸುಮ್ನೆ ಇರುವುದು ಅಪಾಯವಿಲ್ಲದ ದಾರಿ ಅಂದುಕೊಳ್ಳಬೇಡಿ. ನೀವು ಕಾಯುತ್ತೀರಿ, ಅವಳ ಬೆನ್ನು ಕಾಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಎಕ್ಸ್‌ರೇಯಲ್ಲಿ ಬಾಗಿನ ಮೇಲಿನ ತುದಿಯಲ್ಲಿ ಜಾಸ್ತಿ ಓರೆಯಾದ ಮೂಳೆ, ಕೆಳಗಿನ ತುದಿಯಲ್ಲಿ ಜಾಸ್ತಿ ಓರೆಯಾದ ಮೂಳೆ, ಈ ಎರಡರ ನಡುವಿನ ಕೋನವನ್ನು ಅಳೆಯುತ್ತಾರೆ. ಇದಕ್ಕೆ ಕಾಬ್ ಆಂಗಲ್ ಎನ್ನುತ್ತಾರೆ. ಅಳೆಯುವವರ ಕೈಯಲ್ಲಿ ಐದು ಡಿಗ್ರಿ ಆಚೀಚೆ ಆಗಬಹುದು. ನಿಮ್ಮ ಮಗಳದ್ದು ಹದಿನಾಲ್ಕು ಡಿಗ್ರಿ ಏರಿದೆ, ಹಾಗಾಗಿ ಅದು ಅಳತೆಯ ತಪ್ಪಲ್ಲ, ನಿಜವಾಗಿಯೂ ಏರಿದೆ. ಹುಡುಗಿಯರು ಸಾಮಾನ್ಯವಾಗಿ ದೊಡ್ಡವರಾದ ಮೇಲೂ ಎರಡು ವರ್ಷದಷ್ಟು ಬೆಳೆಯುತ್ತಾರೆ. ಮೈ ಬೆಳೆಯುವಷ್ಟು ದಿನ ಬಾಗೂ ಬೆಳೆಯುವ ಸಾಧ್ಯತೆ ಇರುತ್ತದೆ. ಎಕ್ಸ್‌ರೇ ರಿಪೋರ್ಟಿನಲ್ಲಿ “ರಿಸ್ಸರ್” ಅಂತ 0ರಿಂದ 5ರವರೆಗಿನ ಒಂದು ಅಂಕಿ ಇರುತ್ತದೆ, ನೋಡಿ. ಸೊಂಟದ ಮೂಳೆ ನೋಡಿ ಬೆಳವಣಿಗೆ ಎಷ್ಟು ಬಾಕಿ ಇದೆ ಅಂತ ಅಂದಾಜು ಮಾಡುವ ಅಂಕಿ ಅದು. ಕಡಿಮೆ ಇದ್ದರೆ ಬೆಳೆಯುವುದು ಇನ್ನೂ ಬಾಕಿ ಇದೆ ಎಂದರ್ಥ.

ಇನ್ನು 50 ಡಿಗ್ರಿ ಅನ್ನುವ ಗೆರೆ. ಅಮೆರಿಕದ ಅಯೋವಾದಲ್ಲಿ ವೈನ್‌ಸ್ಟೀನ್ ಮತ್ತು ಪೊನ್ಸೆಟಿ ಎಂಬ ಡಾಕ್ಟರುಗಳು ಚಿಕಿತ್ಸೆ ಪಡೆಯದ ರೋಗಿಗಳನ್ನು ಹತ್ತಾರು ವರ್ಷ ಗಮನಿಸಿ 1983ರಲ್ಲಿ ಬರೆದರು. ಬೆಳವಣಿಗೆ ಮುಗಿದಾಗ 30ಕ್ಕಿಂತ ಕಡಿಮೆ ಇದ್ದ ಬಾಗು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತಿತ್ತು. ಎದೆಯ ಭಾಗದಲ್ಲಿ 50 ದಾಟಿದ್ದ ಬಾಗು ಮಾತ್ರ ಬೆಳವಣಿಗೆ ಮುಗಿದ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತಲೇ ಹೋಯಿತು. ಈಗ 13 ವರ್ಷದವಳಿಗೆ ಆ ಲೆಕ್ಕ ಹಾಕಿ ನೋಡಿ. ಸರ್ಜನ್‌ಗಳು 45ರಿಂದ 50 ಡಿಗ್ರಿ ದಾಟಿದರೆ ಆಪರೇಷನ್ ಮಾತೆತ್ತುವುದು ಇದಕ್ಕೇ. ಇವತ್ತಿನ ನೋವಿಗಾಗಿ ಅಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಈಗ ದೊಡ್ಡ ನೋವೇ ಇರುವುದಿಲ್ಲ.

ಹಾಗಂತ ಯಾರಾದರೂ “ಮಾಡಿಸದಿದ್ದರೆ ಉಳಿಯುವುದಿಲ್ಲ” ಅಂತ ಹೆದರಿಸಿದರೆ ಅದನ್ನೂ ನಂಬಬೇಡಿ. ಅದೇ ಅಯೋವಾದ ತಂಡ 50 ವರ್ಷ ಗಮನಿಸಿ 2003ರಲ್ಲಿ ಬರೆದ ಪ್ರಕಾರ ಚಿಕಿತ್ಸೆ ಇಲ್ಲದವರೂ ದುಡಿದಿದ್ದಾರೆ, ಮದುವೆಯಾಗಿದ್ದಾರೆ, ಸಂಸಾರ ಮಾಡಿದ್ದಾರೆ. ಬೆನ್ನುನೋವು ಬೇರೆಯವರಿಗಿಂತ ಜಾಸ್ತಿ ಇತ್ತು, ಮೈಯ ಆಕಾರದ ಬಗ್ಗೆ ಕೊರಗು ಇತ್ತು. ಉಸಿರಾಟಕ್ಕೆ ನಿಜವಾದ ತೊಂದರೆ ಬರುವುದು ಬಾಗು ತುಂಬಾ ದೊಡ್ಡದಾದಾಗ, 80 ಡಿಗ್ರಿ ದಾಟಿದ ಆಸುಪಾಸಿನಲ್ಲಿ. ಹಾಗಾಗಿ ಪ್ರಶ್ನೆ ಜೀವದ್ದಲ್ಲ. ಈಗ ಮೆತ್ತಗಿರುವ, ಸುಲಭವಾಗಿ ತಿರುಗುವ ಬೆನ್ನಿಗೆ ಮಾಡಿಸುವುದಾ, ಬಾಗು ದೊಡ್ಡದಾಗಿ ಬಿಗಿದುಕೊಂಡ ಮೇಲೆ ಇನ್ನೂ ಉದ್ದದ ಆಪರೇಷನ್ ಮಾಡಿಸುವುದಾ ಅನ್ನುವುದು ಪ್ರಶ್ನೆ.

ಯೋಗದ ಬಗ್ಗೆ. ನಾನೂ ಮಾಡುತ್ತೇನೆ, ಒಳ್ಳೆಯದು. ಬೆನ್ನಿನ ಸ್ನಾಯುಗಳಿಗೆ ಬಲ ಬರುತ್ತದೆ. ಆದರೆ 52 ಡಿಗ್ರಿ ಬಾಗಿ, ತಿರುಚಿಕೊಂಡ ಮೂಳೆಸಾಲನ್ನು ಯಾವ ಆಸನವೂ ನೇರ ಮಾಡುವುದಿಲ್ಲ. ಎಳೆದು ಕೂರಿಸುತ್ತೇವೆ, ಎಣ್ಣೆ ಹಾಕಿ ತೀಡುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಕರೆದುಕೊಂಡು ಹೋಗಬೇಡಿ. ಇನ್ನೊಂದು ಮಾತು ನಿಮಗೆ, ತಾಯಿಯಾಗಿ. ಇದು ಸ್ಕೂಲ್ ಬ್ಯಾಗಿನ ಭಾರದಿಂದ ಬಂದಿದ್ದಲ್ಲ. ಕೂರುವ ಭಂಗಿಯಿಂದಲ್ಲ, ಹಾಲು ಕುಡಿಯಲಿಲ್ಲ ಅಂತಲೂ ಅಲ್ಲ. ಈ ವಯಸ್ಸಿನ ಸ್ಕೋಲಿಯೋಸಿಸ್‌ನಲ್ಲಿ ಹೆಚ್ಚಿನದಕ್ಕೆ ಇಂಥದೇ ಕಾರಣ ಅಂತ ವೈದ್ಯಶಾಸ್ತ್ರ ಇನ್ನೂ ಕಂಡುಹಿಡಿದಿಲ್ಲ. ನನ್ನ ಅಮ್ಮ ವರ್ಷಗಟ್ಟಲೆ ತನ್ನನ್ನೇ ಹಳಿದುಕೊಂಡಳು. ನೀವು ಹಾಗೆ ಮಾಡಿಕೊಳ್ಳಬೇಡಿ.

ಬ್ರೇಸ್, ಅಂದರೆ ಬೆನ್ನಿಗೆ ಕಟ್ಟುವ ಪ್ಲಾಸ್ಟಿಕ್ ಕವಚ, ನಿಮ್ಮ ಮಗಳ ಮಟ್ಟಿಗೆ ಆ ಹಂತ ದಾಟಿದೆ. ಆದರೆ ಇದನ್ನು ಓದುತ್ತಿರುವ ಬೇರೆ ಯಾರ ಮಗುವಿಗಾದರೂ 25ರಿಂದ 40 ಡಿಗ್ರಿ ಇದ್ದು ಇನ್ನೂ ಬೆಳೆಯುತ್ತಿದ್ದರೆ, ತಡ ಮಾಡದೆ ಬ್ರೇಸ್ ಬಗ್ಗೆ ಕೇಳಿ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬ್ರೇಸ್ ಹಾಕಿದ ಮಕ್ಕಳಲ್ಲಿ ಶೇಕಡಾ 72ರಷ್ಟು ಮಂದಿಯ ಬಾಗು 50 ಮುಟ್ಟಲಿಲ್ಲ. ಹಾಕದವರಲ್ಲಿ ಅದು ಶೇಕಡಾ 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹಾಕಿಕೊಂಡವರಲ್ಲಿ ಶೇಕಡಾ 90ರಷ್ಟು. ನಮ್ಮ ಕಡೆ ಸಂಕಟ ಏನೆಂದರೆ ಆ ಹಂತದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನದು ಗೊತ್ತಾಗಿದ್ದು ಟೈಲರ್ ಅಳತೆ ತೆಗೆಯುವಾಗ. ಎಣ್ಣೆ ನೀರು ಹಾಕುವ ದಿನ ಮಗುವನ್ನು ಕಾಲು ಜೋಡಿಸಿ ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ನೋಡಿ. ಪಕ್ಕೆಲುಬು ಒಂದು ಕಡೆ ಉಬ್ಬಿದ್ದರೆ ಎಕ್ಸ್‌ರೇ ತೆಗೆಸಿ. ನಿಮ್ಮ ಮಗಳಿಗೆ ತಂಗಿ ತಮ್ಮ ಇದ್ದರೆ ಅವರನ್ನೂ ಹೀಗೇ ನೋಡಿ, ಇದು ಕುಟುಂಬದಲ್ಲಿ ಕಾಣಿಸಿಕೊಳ್ಳುವುದುಂಟು. ನಾನೂ ನನ್ನ ಮಗಳನ್ನು ನೋಡುತ್ತಿರುತ್ತೇನೆ.

ಈಗ ಕಾಲು ಹೋಗುತ್ತದೆ ಅನ್ನುವ ಭಯಕ್ಕೆ ಬರುತ್ತೇನೆ. ನನ್ನ ಅಜ್ಜಿಗೂ ಇದೇ ಭಯ ಇತ್ತು. ಹಿಂದಿನವರ ಭಯಕ್ಕೆ ಕಾರಣ ಇಲ್ಲದಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪೋಲಿಯೋ ಮಕ್ಕಳಿಗೆ ಚಿಕಿತ್ಸೆ ಮಾಡುತ್ತಿದ್ದ ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ಉಕ್ಕಿನ ಸರಳಿನ ವಿಧಾನವನ್ನು ಪ್ರಕಟಿಸಿದಾಗ, ಮೇಲೊಂದು ಕೆಳಗೊಂದು ಕೊಕ್ಕೆ ಹಾಕಿ ಬೆನ್ನನ್ನು ಉದ್ದಕ್ಕೆ ಎಳೆಯುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಮೈಗೆ ಪ್ಲಾಸ್ಟರ್. ನರಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಯಲು ಆಪರೇಷನ್ ನಡುವೆ ರೋಗಿಯನ್ನು ಅರ್ಧ ಎಚ್ಚರಿಸಿ “ಪಾದ ಆಡಿಸು” ಅನ್ನುವ ಪರೀಕ್ಷೆ ಬಂದಿದ್ದು 1973ರಲ್ಲಿ, ಫ್ರಾನ್ಸಿನಿಂದ.

ಈಗ ನಡೆಯುವುದು ಬೇರೆ. ಬೋರಲು ಮಲಗಿಸಿ, ಬೆನ್ನಿನ ನಡುವೆ ಉದ್ದಕ್ಕೆ ತೆರೆದು, ಬಾಗಿದ ಭಾಗದ ಮೂಳೆಗಳಿಗೆ ಎರಡೂ ಬದಿಯಲ್ಲಿ ಸ್ಕ್ರೂ ಹಾಕುತ್ತಾರೆ. ಅವಕ್ಕೆ ಎರಡು ರಾಡ್ ಜೋಡಿಸಿ, ಬಾಗನ್ನೂ ತಿರುಚನ್ನೂ ನಿಧಾನವಾಗಿ ಸರಿಪಡಿಸುತ್ತಾರೆ. ಆಮೇಲೆ ಮೂಳೆಯ ಚೂರುಗಳನ್ನು ಹರಡುತ್ತಾರೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ಆ ಭಾಗ ಬೆಸೆದು ಒಂದೇ ಮೂಳೆಯಾಗುತ್ತದೆ. ನಿಜವಾದ ಗಟ್ಟಿತನ ಆ ಬೆಸುಗೆಯದ್ದು. ರಾಡ್ ಕೆಲಸ ಮೋಲ್ಡ್ ಹಾಕುವಾಗ ಕೊಡುವ ಸೆಂಟ್ರಿಂಗ್ ಇದ್ದ ಹಾಗೆ, ಗಟ್ಟಿಯಾಗುವವರೆಗೆ ಹಿಡಿದಿರುತ್ತದೆ. ವ್ಯತ್ಯಾಸ ಇಷ್ಟೇ, ಇದನ್ನು ಆಮೇಲೆ ಬಿಚ್ಚುವುದಿಲ್ಲ. ಬಾಗು ಸೊನ್ನೆ ಆಗುವುದಿಲ್ಲ, ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಸರಿಯಾಗುತ್ತದೆ. ನನ್ನದು 56 ಇದ್ದದ್ದು 18ಕ್ಕೆ ಬಂತು. ಎದ್ದು ನಿಂತಾಗ ಎತ್ತರವೂ ಕೊಂಚ ಹೆಚ್ಚಾಗಿತ್ತು.

ಇಷ್ಟೂ ಹೊತ್ತು ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ ಸಣ್ಣ ವಿದ್ಯುತ್ ಸಂಕೇತ ಕಳಿಸಿ ಬೆನ್ನುಹುರಿ ಕೆಲಸ ಮಾಡುತ್ತಿದೆಯಾ ಅಂತ ನೋಡುತ್ತಲೇ ಇರುತ್ತಾರೆ. ಇದಕ್ಕೆ ನ್ಯೂರೋಮಾನಿಟರಿಂಗ್ ಎನ್ನುತ್ತಾರೆ. ಸಂಕೇತ ಕುಗ್ಗಿದರೆ ಅಲ್ಲೇ ನಿಲ್ಲಿಸಿ, ಬಿಪಿ ಏರಿಸಿ, ಎಳೆತ ಸಡಿಲಿಸುತ್ತಾರೆ. ನಿಮ್ಮ ಮಗಳ ಥರದ, ಬೇರೆ ಕಾಯಿಲೆ ಇಲ್ಲದ ಹದಿಹರೆಯದವರಲ್ಲಿ ನರಕ್ಕೆ ತೊಂದರೆಯಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಅದರಲ್ಲೂ ಎಷ್ಟೋ ಮಂದಿ ಚೇತರಿಸಿಕೊಳ್ಳುತ್ತಾರೆ. ಸೊನ್ನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸೋಂಕು, ಸ್ಕ್ರೂ ಸಡಿಲವಾಗುವುದು, ಮತ್ತೆ ಆಪರೇಷನ್ ಬೇಕಾಗುವುದು, ಇವೂ ಕೆಲವರಿಗೆ ಆಗುತ್ತವೆ. ಆದರೆ ನ್ಯೂರೋಮಾನಿಟರಿಂಗ್ ಇಲ್ಲದ ಕಡೆ ಮಾಡಿಸಲೇಬೇಡಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ಸರ್ಜನ್ ಹತ್ತಿರ ಕೇಳಬೇಕಾದ ಇನ್ನೊಂದು ದೊಡ್ಡ ಪ್ರಶ್ನೆ, “ಎಲ್ಲಿಂದ ಎಲ್ಲಿಯವರೆಗೆ ಬೆಸೆಯುತ್ತೀರಿ?” ಬೆಸೆದ ಭಾಗ ಬಗ್ಗುವುದಿಲ್ಲ. ಎದೆಯ ಭಾಗ ಮೊದಲೇ ಕಡಿಮೆ ಬಗ್ಗುವಂಥದ್ದು, ಅಲ್ಲಿ ಬೆಸೆದರೆ ಅಷ್ಟು ಗೊತ್ತಾಗುವುದಿಲ್ಲ. ಸೊಂಟದ ಭಾಗದಲ್ಲಿ ಕೆಳಕೆಳಗೆ ಹೋದಷ್ಟೂ ಗೊತ್ತಾಗುತ್ತದೆ. ನನಗೆ ಸೊಂಟದ ಮೊದಲ ಮೂಳೆಗೆ ನಿಂತಿದೆ. ನೆಲಕ್ಕೆ ಕೂತು ಊಟ ಮಾಡುತ್ತೇನೆ, ರಂಗೋಲಿ ಹಾಕುತ್ತೇನೆ, ಬಗ್ಗುವುದು ಬೆನ್ನಿನಿಂದ ಅಲ್ಲ, ಸೊಂಟದ ಕೀಲಿನಿಂದ. ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಎಂಆರ್‌ಐ ಬೇಕಾ ಅಂತಲೂ ಕೇಳಿ. ಎದೆಯ ಭಾಗದ ಬಾಗು ಎಡಕ್ಕಿದ್ದರೆ, ಬೇಗ ಏರಿದ್ದರೆ, ಕಾಲಿನಲ್ಲಿ ಜೋಮು ಇದ್ದರೆ ಬೆನ್ನುಹುರಿಯಲ್ಲಿ ಬೇರೆ ಸಮಸ್ಯೆ ಇಲ್ಲ ಅಂತ ನೋಡಿಕೊಳ್ಳುವುದು ಒಳ್ಳೆಯದು. ಬೆಸೆಯದೆ ಹಗ್ಗದಂಥ ದಾರದಿಂದ ಎಳೆದು ಹಿಡಿಯುವ ಟೆದರಿಂಗ್ ವಿಧಾನಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಬೆಳೆಯುತ್ತಿರುವ ಕೆಲವರಿಗೆ ಮಾತ್ರ ಹೊಂದುತ್ತದೆ, ಮತ್ತೆ ಆಪರೇಷನ್ ಬೇಕಾಗುವ ಸಂಭವ ಬೆಸುಗೆಗಿಂತ ಜಾಸ್ತಿ. ಕೇಳುವುದರಲ್ಲಿ ತಪ್ಪಿಲ್ಲ.

ಮೊದಲ ಕೆಲವು ದಿನ ಕಷ್ಟ. ಅದನ್ನು ಮುಚ್ಚಿಡುವುದಿಲ್ಲ. ನೋವಿಗೆ ಔಷಧಿ ಚೆನ್ನಾಗಿ ಕೊಡುತ್ತಾರೆ, ಆದರೆ ಅದರಿಂದ ವಾಕರಿಕೆ, ಮಲಬದ್ಧತೆ. ಒಂದೆರಡು ದಿನದಲ್ಲೇ ಎಬ್ಬಿಸಿ ನಿಲ್ಲಿಸುತ್ತಾರೆ, ಆ ಮೊದಲ ಸಲ ತಲೆ ತಿರುಗುತ್ತದೆ. ಪಕ್ಕಕ್ಕೆ ಹೊರಳುವಾಗ ಇಡೀ ಮೈ ಒಟ್ಟಿಗೇ ಹೊರಳಬೇಕು. ಸುಮಾರು ಒಂದು ವಾರದಲ್ಲಿ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ಮೊದಲೇ ತಂದಿಡಿ. ಮಂಚ ತೀರಾ ತಗ್ಗಿರಬಾರದು. ಒಂದೆರಡು ತಿಂಗಳಲ್ಲಿ ಹೆಚ್ಚಿನವರು ಸ್ಕೂಲಿಗೆ ಹೋಗುತ್ತಾರೆ, ಆಟೋಟಕ್ಕೆ ಇನ್ನೂ ಕೆಲವು ತಿಂಗಳು. ಕೊಡ ಹೊರುವುದು, ಭಾರದ ಬ್ಯಾಗು ಡಾಕ್ಟರ್ ಹೇಳುವವರೆಗೆ ಬೇಡ. ಊಟ ಸೇರದೆ, ಸುಮ್ನೆ ಅಳು ಬರುವ ದಿನಗಳು ಬರುತ್ತವೆ. ಆಗ ಗದರಬೇಡಿ, ಅದು ಕಳೆಯುತ್ತದೆ.

ಮದುವೆ, ಮಕ್ಕಳು. ನನಗೆ ಎರಡೂ ಆಯಿತು. ಹೆರಿಗೆ ನಾರ್ಮಲ್. ಬೆಸುಗೆ ಸೊಂಟದವರೆಗೆ ಇದ್ದರೆ ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್ ಕಷ್ಟವಾಗಬಹುದು, ಹಾಗಾಗಿ ಆಪರೇಷನ್ ರಿಪೋರ್ಟ್ ಜೋಪಾನವಾಗಿ ಇಟ್ಟುಕೊಂಡು ಅರಿವಳಿಕೆ ಡಾಕ್ಟರಿಗೆ ಮೊದಲೇ ತೋರಿಸಬೇಕು. ಗಾಯದ ಗುರುತಿನ ಚಿಂತೆ ಮಗಳಿಗೆ ಇದ್ದರೆ ಬ್ರಿಟನ್ ರಾಜಮನೆತನದ ಯುಜಿನಿಯ 2018ರ ಮದುವೆಯ ಫೋಟೋ ತೋರಿಸಿ. 12ನೇ ವಯಸ್ಸಿನಲ್ಲಿ ಇದೇ ಆಪರೇಷನ್ ಆದವರು. ಬೆನ್ನಿನ ಗುರುತು ಕಾಣಲೆಂದೇ ಬಟ್ಟೆ ಹೊಲಿಸಿಕೊಂಡಿದ್ದರು.

ಖರ್ಚು ಖಾಸಗಿಯಲ್ಲಿ ಲಕ್ಷಗಳ ಲೆಕ್ಕ, ಸ್ಕ್ರೂ ರಾಡ್‌ಗಳೇ ದುಬಾರಿ. ಮೂಳೆ ಚಿಕಿತ್ಸೆಗೇ ಇರುವ ಬೆಂಗಳೂರಿನ ಸಂಜಯ್ ಗಾಂಧಿ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ, ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ.

ಕೊನೆಯದಾಗಿ, ಮಗಳ ಜೊತೆ ಮಾತಾಡಿದ್ದೀರಾ? ನನ್ನ ವಿಷಯದಲ್ಲಿ ದೊಡ್ಡವರೆಲ್ಲ ಕಾರಿಡಾರಿನಲ್ಲಿ ಪಿಸುಗುಟ್ಟಿಕೊಂಡರು. ಡಾಕ್ಟರು ಕೂಡ ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ಗೊತ್ತಿಲ್ಲದ ಕಾರಣಕ್ಕೇ ನಾನು ಜಾಸ್ತಿ ಹೆದರಿದೆ. ಬೆನ್ನು ಅವಳದ್ದು, 13 ವರ್ಷದವಳಿಗೆ ಎಲ್ಲ ಅರ್ಥವಾಗುತ್ತದೆ. ಎರಡನೇ ಡಾಕ್ಟರ್ ಹತ್ತಿರ ಹೋಗುವ ಮೊದಲು ಅವಳ ಕೈಯಲ್ಲೇ ಪ್ರಶ್ನೆಗಳನ್ನು ಬರೆಸಿ, ಅಲ್ಲಿ ಅವಳೇ ಕೇಳಲಿ. ಹೋದ ವರ್ಷದ್ದು ಮತ್ತು ಈ ವರ್ಷದ್ದು, ಎರಡೂ ಎಕ್ಸ್‌ರೇ ಫಿಲ್ಮ್ ಒಯ್ಯಿರಿ, ಬರೀ ರಿಪೋರ್ಟ್ ಸಾಲದು. ಅವರು ಏನಂದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.