ಕಾರ್ಡಿನ ಮೇಲೆ ನಾನೇ ಹಾಕಿದ ಸುತ್ತು

ಬಾಗಲಕೋಟೆ ಜಿಲ್ಲೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಮನೆಯವರೊಡನೆ ಮಾತನಾಡುವುದು ನನ್ನ ಕೆಲಸ. ಮುಂದೆ ಹೇಳುವ ಪ್ರಕರಣದಲ್ಲಿ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ನನ್ನ ತಪ್ಪನ್ನು ಬದಲಿಸಿಲ್ಲ. ಲಸಿಕೆಯ ಮನೆಗಳು ಖಾಲಿ ಉಳಿದ ಇಂಥ ತಾಯಿ ಕಾರ್ಡುಗಳು (ತಾಯಿ-ಮಗುವಿನ ಆರೋಗ್ಯದ ದಾಖಲೆ) ಬೇರೆ ಊರುಗಳಿಂದಲೂ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ.

ನೇಕಾರರ ಮನೆ, ಚೊಚ್ಚಲ ಹೆರಿಗೆ. 31 ವಾರಕ್ಕೇ ಹುಟ್ಟಿದ ಹೆಣ್ಣುಕೂಸು 1,400 ಗ್ರಾಂ ತೂಗುತ್ತಿತ್ತು. ಐದು ವಾರ ನಿಗಾ ಘಟಕದಲ್ಲಿದ್ದು, ತಾಯಿಯ ಎದೆಗೆ ಅವಚಿಕೊಂಡು ಬೆಳೆದು, ಕ್ಷಯರೋಗದ ಲಸಿಕೆ ಬಿಸಿಜಿ ಹಾಕಿಸಿಕೊಂಡು ಮನೆಗೆ ಹೋಯಿತು. ಬಿಡುಗಡೆಯ ದಿನ ನಾನು ಎಲ್ಲರಿಗೂ ಹೇಳುವುದನ್ನೇ ಅವರಿಗೂ ಹೇಳಿದೆ: ಕತ್ತು ನಿಲ್ಲುವುದು, ಮಗ್ಗುಲಾಗುವುದು, ಕೂರುವುದು ಇವನ್ನೆಲ್ಲ ಹುಟ್ಟಿದ ದಿನದಿಂದ ಎಣಿಸಬೇಡಿ, ಹೆರಿಗೆಗೆಂದು ಡಾಕ್ಟರು ಕೊಟ್ಟಿದ್ದ ದಿನದಿಂದ ಎಣಿಸಿ. ಮರೆಯದಿರಲೆಂದು ತಾಯಿ ಕಾರ್ಡಿನಲ್ಲಿ ಆ ದಿನಾಂಕಕ್ಕೆ ನೀಲಿ ಪೆನ್ನಿನಿಂದ ಸುತ್ತು ಹಾಕಿದೆ.

ಹದಿನಾಲ್ಕನೆಯ ವಾರ ತೂಕ ನೋಡಿಸಲು ಬಂದಾಗ ಕಾರ್ಡಿನಲ್ಲಿ ಲಸಿಕೆಯ ಆರು ವಾರದ ಮನೆಯೂ ಖಾಲಿ, ಹತ್ತು ವಾರದ ಮನೆಯೂ ಖಾಲಿ. ಆಶಾ ಕಾರ್ಯಕರ್ತೆ ಆ ಮನೆಯತ್ತ ಸುಳಿದಿಲ್ಲವೆಂದು ಮನಸ್ಸಿನಲ್ಲೇ ಸಿಟ್ಟಾದೆ. ಆಕೆ ಎರಡು ಸಲ ಬಾಗಿಲಿಗೆ ಬಂದು ಹೊರಳಿ ಹೋಗಿದ್ದಳೆಂದು ಆಮೇಲೆ ತಿಳಿಯಿತು. ಯಾಕೆ ಹಾಕಿಸಲಿಲ್ಲವೆಂದು ಕೇಳಿದಾಗ ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆದು ನನ್ನ ನೀಲಿ ಸುತ್ತಿನ ಮೇಲೆ ಬೆರಳಿಟ್ಟರು. “ನೀವ ಹೇಳಿದ್ರಲ್ರಿ ಬಾಯಾರ, ಕೂಸಿನ ದಿನಾ ಇಲ್ಲಿಂದ ಎಣಸ್ರಿ ಅಂತ. ಇಲ್ಲಿಂದ ಆರು ವಾರ ಅಂದ್ರ ಮುಂದಿನ ಗುರುವಾರಕ್ಕ ಬರತೈತಿ. ಅವತ್ತ ಹಾಕಸ್ತೀವಿ.”

ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಒಂಬತ್ತು ವಾರ ಮೊದಲು ಹುಟ್ಟಿದ ಕೂಸಿಗೆ ಅವರು ಒಂಬತ್ತು ವಾರವನ್ನೇ ಕಳೆದಿದ್ದರು. ಪರಿಣಾಮವಾಗಿ, ನಾಯಿಕೆಮ್ಮು ಸೇರಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್‌ನ ಮೂರನೆಯ ಡೋಸು ಬೀಳಬೇಕಾದ ವಾರದಲ್ಲಿ ಕೂಸಿಗೆ ಮೊದಲನೆಯದೂ ಬಿದ್ದಿರಲಿಲ್ಲ. ಸರಿಪಡಿಸಿದ ವಯಸ್ಸು, ಅಂದರೆ ಡಾಕ್ಟರು ಕೊಟ್ಟ ದಿನದಿಂದ ಎಣಿಸುವ ವಯಸ್ಸು, ಬೆಳವಣಿಗೆಗೆ ಮಾತ್ರ, ಲಸಿಕೆಗೆ ಹುಟ್ಟಿದ ದಿನವೇ ಲೆಕ್ಕ ಎನ್ನುವ ಒಂದು ವಾಕ್ಯವನ್ನು ನಾನು ಅಂದು ಆಡಿರಲಿಲ್ಲ.

ತಪ್ಪು ನನ್ನದೆಂದು ಮೊದಲು ಒಪ್ಪಿಕೊಂಡೆ. ಸಲಹೆಗಾರರು ಹಾಗೆ ಒಪ್ಪಿಕೊಂಡರೆ ಜನ ಮುಂದೆ ನಂಬುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುವುದುಂಟು. ಆದರೆ ಅಂದು ನಾನು ಸುಮ್ಮನಿದ್ದಿದ್ದರೆ ಮನೆಗೆ ಹೋದ ಮೇಲೆ ಬೈಗುಳ ತಿನ್ನುತ್ತಿದ್ದವಳು ಸೊಸೆ. ಆಮೇಲೆ ಅತ್ತೆಯನ್ನೇ ಎದುರಿಗೆ ಕೂರಿಸಿಕೊಂಡೆ. ತಾಯಿಯನ್ನು ಬಿಟ್ಟು ಅತ್ತೆಯೊಡನೆ ಮಾತನಾಡಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ದಿನ ಎಣಿಸುತ್ತಿದ್ದವರು ಅವರಾದ್ದರಿಂದ ನನಗೆ ಬೇರೆ ದಾರಿ ಕಾಣಲಿಲ್ಲ.

ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಪ್ರತಿಕಾಯಗಳು ಕೂಸಿಗೆ ಹೆಚ್ಚಾಗಿ ದಾಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಇದನ್ನು ನಾನು ಬುತ್ತಿಯ ಮಾತಿನಲ್ಲಿ ಹೇಳಿದೆ: ಊರಿಗೆ ಹೊರಟವರಿಗೆ ಬುತ್ತಿ ಕಟ್ಟುತ್ತೇವೆ, ನಿಮ್ಮ ಮೊಮ್ಮಗಳು ಬುತ್ತಿ ಕಟ್ಟಿ ಮುಗಿಯುವ ಮೊದಲೇ ಹೊರಟು ಬಂದಿದ್ದಾಳೆ. ಅವರು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರ ಬುತ್ತಿ ಇಲ್ದ ಬಂದಾಕಿಗೆ ಮೊದಲ ಉಣ್ಣಾಕ ಹಾಕಬೇಕಲ್ರಿ, ತಡಾ ಮಾಡಿದ್ರ ಹೆಂಗ?” ಅಂದರು. ನಾನು ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳು ಅಲ್ಲಿಗೆ ಬೇಡವಾದವು. ನಾಯಿಕೆಮ್ಮಿನಂಥ ರೋಗ ಎಳೆಯ ಕೂಸಿನ ಉಸಿರನ್ನೇ ಹಿಡಿಯುತ್ತದೆಂಬುದನ್ನಷ್ಟೇ ಸೇರಿಸಿದೆ.

ಅವರ ಮುಂದಿನ ಬೇಡಿಕೆ ಅರ್ಧ ಸೂಜಿಯದು. ಸಣ್ಣ ಕೂಸಿಗೆ ಸಣ್ಣ ಡೋಸು ಎಂಬ ತರ್ಕ ನೋಡುವುದಕ್ಕೆ ಸರಿಯಾಗಿದೆ, ಆದರೆ ಲಸಿಕೆ ತೂಕಕ್ಕೆ ತಕ್ಕಂತೆ ಕೊಡುವ ಔಷಧವಲ್ಲ. ಪೆಂಟಾವೇಲೆಂಟ್ ಎಲ್ಲ ಕೂಸುಗಳಿಗೂ ಅರ್ಧ ಮಿಲಿಲೀಟರ್, ಅದನ್ನೂ ಇಳಿಸಿದರೆ ರಕ್ಷಣೆ ಸಾಲದು. ತೂಕ ನೋಡಿ ಡಾಕ್ಟರು ತಡೆಯುವುದು ಹುಟ್ಟಿದಾಗಿನ ಲಸಿಕೆಗಳಲ್ಲಿ, ಎರಡು ಕಿಲೋಗಿಂತ ಕಡಿಮೆಯಿರುವ ಕೂಸಿಗೆ. ಅಲ್ಲಿಯೂ ತಾಯಿಗೆ ಹೆಪಟೈಟಿಸ್ ಬಿ (ಯಕೃತ್ತಿನ ಸೋಂಕು) ಇದ್ದರೆ ಅದರ ಲಸಿಕೆಗೆ ಕಾಯುವಂತಿಲ್ಲ. ತೀರ ಮೊದಲೇ ಹುಟ್ಟಿದ ಕೆಲವು ಕೂಸುಗಳಿಗೆ ಲಸಿಕೆಯ ನಂತರ ಉಸಿರು ನಡುನಡುವೆ ನಿಲ್ಲುವುದುಂಟು, ಆದ್ದರಿಂದ ಆರು ವಾರಕ್ಕೂ ಆಸ್ಪತ್ರೆಯಲ್ಲೇ ಇರುವ ಕೂಸಿಗೆ ಅಲ್ಲಿಯೇ ಹಾಕಿ ಎರಡು ಮೂರು ದಿನ ನಿಗಾ ಇಡುತ್ತಾರೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೆದರಿಸಿದೆನೆಂಬ ಆಕ್ಷೇಪ ಬಂದರೂ ಬರಲಿ, ಬೇರೆಯವರ ಬಾಯಿಂದ ಅರ್ಧಂಬರ್ಧ ಕೇಳುವುದಕ್ಕಿಂತ ನನ್ನಿಂದ ಪೂರ್ತಿ ಕೇಳಲಿ.

ಡಾಕ್ಟರು ಕೂಸನ್ನು ನೋಡಿ ಅಂದೇ ಶುರುಮಾಡಿಸಿದರು. ನಾಲ್ಕು ನಾಲ್ಕು ವಾರದ ಅಂತರದಲ್ಲಿ 18 ಮತ್ತು 22ನೆಯ ವಾರಕ್ಕೆ ಉಳಿದೆರಡು ಡೋಸು. ಕಾರ್ಡಿನ ಹಿಂಬದಿಯಲ್ಲಿ ಎರಡು ಸಾಲು ಬರೆದೆ: ‘ಸೂಜಿಗೆ’ ಎಂದು ಬರೆದು ಹುಟ್ಟಿದ ದಿನ, ‘ಆಟಪಾಟಕ್ಕೆ’ ಎಂದು ಬರೆದು ನೀಲಿ ಸುತ್ತಿನ ದಿನ. ಈಗ ಪ್ರತಿ ಬಿಡುಗಡೆಯ ದಿನವೂ ಸೂಜಿಯ ಸಾಲನ್ನು ಮೊದಲು ಬರೆದು, ಅದನ್ನು ಮನೆಯವರಿಂದ ಓದಿಸಿ, ಆಮೇಲೆ ಇನ್ನೊಂದರ ಮಾತೆತ್ತುತ್ತೇನೆ.

ಮೂರನೆಯ ಡೋಸಿನ ದಿನ ಸಾಲಿನಲ್ಲಿ ಕೂತಿದ್ದ ಯಾರೋ ಹೆಂಗಸು, ಐದು ತಿಂಗಳಾದರೂ ಕೂಸು ಯಾಕೆ ಮಗ್ಗುಲಾಗುತ್ತಿಲ್ಲವೆಂದು ಕೇಳಿದಳಂತೆ. ಅತ್ತೆ ಕಾರ್ಡನ್ನು ತಿರುವಿ ಹಿಂಬದಿಯ ಎರಡನೆಯ ಸಾಲನ್ನು ಅವಳಿಗೆ ತೋರಿಸಿದರಂತೆ.