ಪ್ಲಾಟ್‌ಫಾರ್ಮಿನ ಬೆಂಚು

ಆನ್‌ಲೈನ್ ಕೌನ್ಸೆಲಿಂಗ್ ಬಂದ ಮೇಲೆ ಸಲಹೆ ಎಲ್ಲರ ಕೈಗೂ ಸಿಗುತ್ತೆ ಅಂತ ನಾನೂ ಭಾಷಣ ಮಾಡಿದ್ದೇನೆ. ಈಗ ಮಾಡುವುದಿಲ್ಲ. ಫೋನ್ ಇದ್ದರೂ ಮನೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಜಾಗವೇ ಇಲ್ಲದ ಇಂಥ ಪ್ರಕರಣ ಈ ವರ್ಷ ಇದು ನಾಲ್ಕನೆಯದು.

ಕಲಬುರ್ಗಿ ಕಡೆಯ ಹೆಣ್ಣುಮಗಳು. ಮುಂಬೈ ಅಂಚಿನ ಚಾಳಿನಲ್ಲಿ ಒಂದೇ ಖೋಲಿ, ಐದು ಜನ. ಮನೆಮನೆಗೆ ಹೋಗಿ ಅಡುಗೆ ಮಾಡುತ್ತಾರೆ. ತಮ್ಮ ತೀರಿಕೊಂಡ ಮೇಲೆ ನಿದ್ದೆ ಇಲ್ಲ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಕನ್ನಡದಲ್ಲಿ ಮಾತಾಡುವವರೇ ಬೇಕು ಅಂತ ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಎರಡು ಸೆಷನ್ ಸುಮ್ನೆ ಹೋದವು. ಏನು ಕೇಳಿದರೂ "ಆರಾಮ ಅದೀನ್ರಿ". ಮೂರನೆಯದರಲ್ಲಿ ನಾನು ಸ್ವಲ್ಪ ಗಡುಸಾಗಿಯೇ, "ವಿಡಿಯೋ ಹಾಕಿ, ಮುಖ ಕಾಣದೆ ಹೇಗೆ ಮಾತಾಡೋದು?" ಅಂದೆ. ಹಾಕಿದರು. ಅವರ ಭುಜದ ಹಿಂದೆಯೇ ಒಂದು ಕೈ ಮೆಂತ್ಯ ಸೊಪ್ಪು ಬಿಡಿಸುತ್ತಿತ್ತು. ಅತ್ತೆಯ ಕೈ. ನಾನು ಪ್ರಶ್ನೆ ಕೇಳಿದಾಗಲೆಲ್ಲ ಅದು ನಿಲ್ಲುತ್ತಿತ್ತು. "ಆರಾಮ ಅದೀನ್ರಿ" ಅಂದ ಮೇಲೆ ಮತ್ತೆ ಶುರು.

ಮರುದಿನ ಮಧ್ಯಾಹ್ನ ಅವರೇ ಫೋನ್ ಮಾಡಿದರು. ಹಿಂದೆ ರೈಲಿನ ಅನೌನ್ಸ್‌ಮೆಂಟ್.

"ಟೇಶನ್‌ದಾಗ ಕುಂತೀನ್ರಿ ಅಕ್ಕಾರ. ಮನ್ಯಾಗ ಎಲ್ಲಾರಿಗೂ ಕನ್ನಡ ತಿಳೀತದ. ಇಲ್ಲಿ ಯಾರಿಗೂ ತಿಳಿಯಂಗಿಲ್ಲ."

ಕನ್ನಡದಲ್ಲಿ ಸೇವೆ ಕೊಟ್ಟರೆ ಮುಗೀತು ಅಂದುಕೊಂಡಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಅವರ ಖೋಲಿಯ ಗೋಡೆ ತೆಳು, ಆಚೆ ಕಡೆಯೂ ಊರಿನವರೇ.

ವಿಡಿಯೋ ಬೇಡ, ಆ ಬೆಂಚಿನಿಂದಲೇ ಮಾತಾಡಿ ಅಂದೆ. ಕೆಲಸ ಮುಗಿದ ಮೇಲೆ ಇಪ್ಪತ್ತು ನಿಮಿಷ. ಪರಿಚಯದವರು ಕಂಡರೆ "ರೇಷನ್ ಬಂದದೇನ್ರಿ?" ಅನ್ನಬೇಕು, ನಾನೂ ಅಕ್ಕಿ ಗೋಧಿ ಮಾತಿಗೆ ಇಳಿಯುತ್ತೇನೆ. ನಾನು ಸಿಗದಿದ್ದರೆ 14416. ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ-ಮಾನಸ್ ಅದು. ದುಡ್ಡು ಬೇಡ, ಹಗಲು ರಾತ್ರಿ ಇರುತ್ತೆ, ಕನ್ನಡವೂ ಇದೆ, ಕೀಪ್ಯಾಡ್ ಫೋನ್ ಸಾಕು. ನಂಬರ್ ಸೇವ್ ಮಾಡಬೇಡಿ, ಬಾಯಿಪಾಠ ಮಾಡಿಕೊಳ್ಳಿ ಅಂದೆ. ಅವರ ಫೋನನ್ನು ಗಂಡನೂ ನೋಡುತ್ತಾರೆ.

ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಸ್ಟೇಷನ್‌ನಲ್ಲಿ ಎಲ್ಲಿಯ ಗುಟ್ಟು? ಮೇಲಾಗಿ, ಮನಸ್ಸು ಕುಸಿದವರನ್ನು ಹಳಿ ಪಕ್ಕ ಕೂರಿಸೋದಾ? ಎರಡನೇ ಮಾತು ನನ್ನನ್ನೂ ಕಾಡಿತ್ತು. ಅದಕ್ಕೇ "ಸಾಯುವ ಯೋಚನೆ ಬರುತ್ತಾ?" ಅಂತ ಮೊದಲೇ ನೇರವಾಗಿ ಕೇಳಿದ್ದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು. ಆ ಹೆಣ್ಣುಮಗಳು ಇಲ್ಲ ಅಂದರು. ಹೌದು ಅಂದಿದ್ದರೆ ಸಲಹೆಯೇ ಬೇರೆ ಆಗುತ್ತಿತ್ತು. ಈಗಲೂ ಪ್ರತಿ ಸಲ ಕೇಳುತ್ತೇನೆ. ಬೆಂಚು ಕೂಡ ಟಿಕೆಟ್ ಕಿಟಕಿ ಕಡೆಯದು. ಇನ್ನು ಗುಟ್ಟಿನ ಮಾತು. ಬಾಗಿಲು ಹಾಕಿಕೊಳ್ಳಲು ಕೋಣೆ ಇರುವವರಿಗೆ ಮಾಡಿದ ನಿಯಮವನ್ನು ಇವರ ಮೇಲೆ ಹೇರಲು ನಾನು ತಯಾರಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಎಲ್ಲರಿಗೂ ಚಿಕಿತ್ಸೆಯ ಹಕ್ಕು ಕೊಟ್ಟಿದೆ. ಕೋಣೆ ಕೊಟ್ಟಿಲ್ಲ ಅಲ್ವಾ?

ಅದು ಫಾಸ್ಟ್ ಲೋಕಲ್ ನಿಲ್ಲದ ಸ್ಟೇಷನ್. ಗಾಡಿ ದಡದಡ ಹೋಗುವಾಗ ಇಬ್ಬರೂ ಸುಮ್ಮನಿರುತ್ತೇವೆ. ಹೋದ ವಾರ ಆ ಸದ್ದಿನ ನಡುವೆ ಏನೋ ಕೇಳಿಸಿತು.

"ಏನಂದಿರಿ?"

"ನಿಮಗಲ್ರಿ ಅಕ್ಕಾರ. ತಮ್ಮನ ಹೆಸರು ಹಿಡ್ದು ಒದರಿದೆ. ಗಾಡಿ ಇತ್ತಲ್ರಿ, ಯಾರಿಗೂ ಕೇಳಿಲ್ಲ."