ಮಗು ನಿಂತಲ್ಲೇ ಊರು

ಪತ್ರ: ಮಗ, ಸೊಸೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಜೂನ್‌ನಲ್ಲಿ ನಾನು ಹೋಗಿದ್ದಾಗ, ಎರಡು ವರ್ಷದ ಮೊಮ್ಮಗನನ್ನೂ ಕಟ್ಟಿಕೊಂಡು ಫ್ರಾನ್ಸಿನ ಆಲ್ಸಾಸ್ ಕಡೆಯ ವೈನ್ ಹಳ್ಳಿಗಳಿಗೆ ಕಾರಿನಲ್ಲಿ ಹೋದೆವು. ಎರಡು ದಿನಕ್ಕೆ ಆರು ಊರು ಎಂದು ಮಗ ಪಟ್ಟಿ ಮಾಡಿದ್ದ. ಆಗಿದ್ದು ಎರಡೇ. ಮಗು ಕಾರಿನಲ್ಲಿ ಅಳುತ್ತಿತ್ತು. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಅಂದರೆ ಮಗ ಬಿಡಲಿಲ್ಲ. ಎಗಿಸ್‌ಹೈಮ್ ಎಂಬ ಊರಲ್ಲಿ ಕೊಕ್ಕರೆ ಗೂಡು ನೋಡುತ್ತಾ 'ಕಾಕಾ, ಕಾಕಾ' ಎಂದು ಅರ್ಧ ಗಂಟೆ ನಿಂತುಬಿಟ್ಟಿತು. 'ದುಡ್ಡೆಲ್ಲ ದಂಡ. ಇವನಿಗೆ ಇದೆಲ್ಲ ನೆನಪಿರುತ್ತದಾ?' ಎಂದು ಮಗ ಸಿಡುಕಿದ. ಇಷ್ಟು ಚಿಕ್ಕವರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ತಪ್ಪಾ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದಿದ್ದು ಸುಮ್ನೆ ಖುಷಿಗೆ. ಈ ವಿಷಯದಲ್ಲಿ ನನಗೆ ಹಟ ಸ್ವಲ್ಪ ಜಾಸ್ತಿ. ನಮ್ಮ ಕಚೇರಿಯಲ್ಲಿ ಯಾರೂ ನನ್ನೆದುರು ಇದನ್ನು ಎತ್ತುವುದಿಲ್ಲ.

ಮೊದಲು ನಿಮ್ಮ ಮಗನ ಪಾಲಿನ ನ್ಯಾಯ. ಪಾಪ, ರಜೆ ಸಿಗುವುದೇ ಕಷ್ಟ. ಹೋಟೆಲ್ಲಿಗೆ ಮೊದಲೇ ದುಡ್ಡು ಕಟ್ಟಿರುತ್ತಾರೆ. ಇನ್ನು ತೊಡೆಯ ವಿಷಯದಲ್ಲಿ ಬೈಯಬೇಕಾದ್ದು ನಿಮ್ಮನ್ನೇ. ಮಗುವನ್ನು ಅದರ ಸೀಟಿನಲ್ಲೇ ಕೂರಿಸಿ ಬೆಲ್ಟ್ ಹಾಕಬೇಕು, ಅಲ್ಲಿ ಅದು ಕಾನೂನು. ನಾವು ಆಗುಂಬೆ ಘಾಟಿಯ 14 ತಿರುವುಗಳನ್ನೂ ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇಳಿಯುತ್ತೇವೆ. ಏನೂ ಆಗಿಲ್ಲವಲ್ಲ ಎನ್ನುತ್ತೇವೆ. ಗಕ್ಕನೆ ಬ್ರೇಕ್ ಬಿದ್ದರೆ ಅಜ್ಜಿಯ ಕೈ ಎಷ್ಟು ಹೊತ್ತು ತಡೆದೀತು? ಅಳಲಿ ಬಿಡಿ. ಗಾಡಿ ನಿಲ್ಲಿಸಿ, ಇಳಿಸಿ, ಎತ್ತಿಕೊಳ್ಳಿ. ನಿಮ್ಮ ಮಗನ ಪರವಾಗಿ ನಾನು ಹೇಳುವುದು ಇಲ್ಲಿಗೆ ಮುಗಿಯಿತು.

ಆ ಪಟ್ಟಿಯನ್ನು ಮಾತ್ರ ನಾನು ಕ್ಷಮಿಸಲಾರೆ. ಎರಡು ದಿನಕ್ಕೆ ಆರು ಊರಂತೆ! ಆಲ್ಸಾಸ್‌ನ ವೈನ್ ದಾರಿ ಮಾರ್ಲೆನ್‌ಹೈಮ್‌ನಿಂದ ತಾನ್ ಎಂಬ ಊರಿನವರೆಗೆ ಸುಮಾರು 170 ಕಿ.ಮೀ. ಪ್ರವಾಸಿಗರಿಗೆಂದು ಅದನ್ನು ಗುರುತು ಮಾಡಿದ್ದು 1953ರಲ್ಲಿ. ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು. ಮೋಡಗಳು ಅದರ ಆಚೆ ಮಗ್ಗುಲಲ್ಲೇ ಹೆಚ್ಚಿನ ಮಳೆ ಸುರಿಸಿ ಬರುತ್ತವೆ, ಈಚೆಯ ಇಳಿಜಾರಿಗೆ ಬಿಸಿಲು ಸಿಗುತ್ತದೆ, ದ್ರಾಕ್ಷಿ ಹಣ್ಣಾಗುತ್ತದೆ. ಆಗುಂಬೆ ನೆನೆದಷ್ಟು ಶಿವಮೊಗ್ಗ ನೆನೆಯುವುದಿಲ್ಲ, ಅಲ್ವಾ? ಅದೇ ಲೆಕ್ಕ. ಅಡಿಕೆ ಹರವಲು ನಮ್ಮವರು ಅಗಲ ಅಂಗಳ ಬಿಟ್ಟು ಮನೆ ಕಟ್ಟಿದ ಹಾಗೆ, ಅವರು ವೈನ್ ಪೀಪಾಯಿಗೆಂದು ನೆಲಮಾಳಿಗೆ ಮಾಡಿಕೊಂಡಿದ್ದಾರೆ. ವೈನ್ ಊರಿಗೆ ಮಗುವನ್ನು ಒಯ್ಯುವುದಾ ಎಂದು ಮೂಗು ಮುರಿಯುವವರು ನಿಮ್ಮ ಬೀದಿಯಲ್ಲೂ ಇರಬಹುದು. ಅಡಿಕೆ ತೋಟಕ್ಕೆ ಹೋದ ಮಕ್ಕಳೆಲ್ಲ ಎಲೆಯಡಿಕೆಯ ಕವಳ ಹಾಕುತ್ತಾರಾ ಎಂದು ಕೇಳಿ.

ಎಗಿಸ್‌ಹೈಮ್‌ನ ಓಣಿಗಳು ಸುತ್ತು ಸುತ್ತಾಗಿವೆ. ಎಷ್ಟು ನಡೆದರೂ ಹೊರಟಲ್ಲಿಗೇ ಬರುತ್ತೀರಿ. ಎರಡು ವರ್ಷದವನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕಾ? ಇನ್ನು ಆ ಕೊಕ್ಕರೆ. 1970ರ ದಶಕದಲ್ಲಿ ಆಲ್ಸಾಸ್‌ನಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಆಗಿದ್ದವು. ಅಲ್ಲಿನ ಜನ ಮರಿ ಮಾಡಿಸಿ, ಸಾಕಿ, ಬಿಟ್ಟು, ಮತ್ತೆ ಮಾಡಿನ ಮೇಲೆ ಗೂಡು ಕಟ್ಟುವಂತೆ ಮಾಡಿದರು. ದೊಡ್ಡವರು ಒಂದು ಫೋಟೋ ತೆಗೆದು ಮುಂದೆ ಹೋಗುವ ಜಾಗದಲ್ಲಿ ನಿಮ್ಮ ಮೊಮ್ಮಗ ಅರ್ಧ ಗಂಟೆ ನಿಂತ. ಕಾಕಾ ಅಂದನಂತೆ. ಅನ್ನಲಿ. ಹೆಸರು ತಪ್ಪಾದರೂ ನೋಡಿದ್ದು ಅವನೊಬ್ಬನೇ.

ನನ್ನ ಮಗಳು ಇದೇ ವಯಸ್ಸಿನಲ್ಲಿದ್ದಾಗ ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಮಳೆಗಾಲ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಭೋರ್ಗರೆಯುತ್ತಿದ್ದವು. 253 ಮೀಟರ್ ಎತ್ತರದಿಂದ ಬೀಳುವ ನೀರಿಗೆ ಅವಳು ಬೆನ್ನು ಹಾಕಿದಳು. ಅಲ್ಲೇ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಕೈ ಹಿಡಿದು ಕುಕ್ಕರುಗಾಲಲ್ಲಿ ಕೂತವಳು ಏಳಲೇ ಇಲ್ಲ. ನಾನು ನಿಮ್ಮ ಮಗನ ಹಾಗೆಯೇ ಸಿಡುಕಿದೆ. ನನ್ನ ಅಮ್ಮ ಒಂದೂ ಮಾತಾಡದೆ ಅವಳ ಪಕ್ಕ ಕೂತು ತಾನೂ ಕೈ ಹಿಡಿದಳು. ಆವತ್ತು ಜಲಪಾತ ಹೇಗಿತ್ತೆಂದು ಈಗ ನನಗೆ ಸರಿಯಾಗಿ ನೆನಪಿಲ್ಲ. ನಲ್ಲಿ ನೆನಪಿದೆ.

ನೆನಪು ಅಂದೆನಲ್ಲ, ಆ ಪ್ರಶ್ನೆ ಉಳಿದಿದೆ. ಮೂರು ವರ್ಷದ ಒಳಗಿನದ್ದು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ, ನಿಜ. ಹಾಗೆಂದು ಆ ಮೂರು ವರ್ಷ ಅವನಿಗೆ ಲಾಲಿ ಹಾಡುವುದನ್ನೂ ಬಿಡುತ್ತೀರಾ?

ನನ್ನ ಸಿಟ್ಟು ಬೇರೆಯದರ ಮೇಲಿದೆ. ಅದೇ ವೈನ್ ದಾರಿಯ ರಿಕ್‌ವೀರ್‌ನಂಥ ಊರುಗಳಲ್ಲಿ ಕಾರನ್ನು ಕೋಟೆಯ ಹೊರಗೇ ಬಿಟ್ಟು ನಡೆದು ಹೋಗಬೇಕು. ಓಣಿಯಲ್ಲಿ ಮಗುವಿನ ಕೈ ಬಿಟ್ಟರೂ ಎದೆ ಹೊಡೆದುಕೊಳ್ಳುವುದಿಲ್ಲ. ನಮ್ಮವರಿಗೆ ಬಿಟ್ಟರೆ ಜೀಪನ್ನು ಜಲಪಾತದ ಬುಡಕ್ಕೇ ಇಳಿಸುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ದಾರಿಯಲ್ಲಿ ಸಕ್ರೆಬೈಲಿನ ಆನೆಗಳಿವೆ. ಮಳೆಗಾಲದಲ್ಲಿ ಮಂಡಗದ್ದೆಯ ತುಂಗಾ ನಡುಗಡ್ಡೆಯ ತುಂಬಾ ಬೆಳ್ಳಕ್ಕಿ ಗೂಡುಗಳಿರುತ್ತವೆ. ಕಾಕಾ ಎನ್ನಲು ಫ್ರಾನ್ಸಿಗೇ ಹೋಗಬೇಕಿಲ್ಲ. ಆದರೆ ಮಗುವಿನ ಒದ್ದೆ ಚಡ್ಡಿ ಬದಲಿಸಲು ಒಂದು ಒಣ ಬೆಂಚು ಹುಡುಕಿ ನೋಡಿ. ಒಂದು ಪ್ರವಾಸಿ ತಾಣದಲ್ಲಿ ಶೌಚಾಲಯಕ್ಕೆ ಬೀಗ ಹಾಕಿತ್ತು. ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದಾನೆ ಅಂದರು. ಬೆಳಗ್ಗೆ ಹತ್ತೂವರೆ ಆಗಿತ್ತು! ಪಕ್ಕದಲ್ಲೇ ಸೆಲ್ಫಿಗೆಂದು ಹೊಸ ಕಮಾನು ಮಿರಮಿರ ಮಿಂಚುತ್ತಿತ್ತು.

ಮಗ ಊರಿಗೆ ಬರುವುದು ಡಿಸೆಂಬರ್‌ನಲ್ಲಾದರೆ ಒಳ್ಳೆಯದಾಯಿತು. ಅಡಿಕೆ ಗೊನೆ ಕೊಯ್ಲಿನ ಕಾಲ. ಮೊಮ್ಮಗನನ್ನು ಎಲ್ಲಿಗೂ ಕರೆದೊಯ್ಯಬೇಡಿ, ಹತ್ತಿರದ ತೋಟದ ಮನೆಗೆ ಮಾತ್ರ ಹೋಗಿ. ಅಡಿಕೆ ಸುಲಿಯುವವರ ಮಾತು ಕೇಳಲಿ, ಅಡಿಕೆ ಬೇಯಿಸುವ ಚೊಗರಿನ ಹಂಡೆಯನ್ನು ದೂರದಿಂದಲೇ ನೋಡಲಿ. ಹಾಗೇ ಮರದಿಂದ ಬಿದ್ದ ಒಂದು ಅಗಲವಾದ ಅಡಿಕೆ ಹಾಳೆ ಆರಿಸಿ, ಅವನನ್ನು ಅದರ ಮೇಲೆ ಕೂರಿಸಿ. ಎಳೆಯುವ ಕೆಲಸ ನಿಮ್ಮ ಮಗನದು. ಪಟ್ಟಿ ತಂದಿದ್ದರೆ ಜೇಬಿನಲ್ಲೇ ಇರಲಿ, ಹಾಳೆ ಎಳೆಯಲು ಎರಡೂ ಕೈ ಬೇಕಾಗುತ್ತದೆ.